ಎನ್‌ಡಿಎ ಸಿಗುತ್ತಾ? ಒಬ್ಬ ವಿದ್ಯಾರ್ಥಿಯ ಅವಕಾಶವನ್ನು ಅಳೆಯುವ ಬಗೆ, ಕೊನೆಯ ಬಾಗಿಲಿನಿಂದ ಮೊದಲ ಬಾಗಿಲಿಗೆ

"ಸರ್, ನಮ್ಮ ಹುಡುಗನಿಗೆ ಎನ್‌ಡಿಎ ಸಿಗುತ್ತಾ?" ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ನನಗೆ ಪ್ರತಿ ವರ್ಷ ಜೂನ್‌ನಲ್ಲಿ ಎದುರಾಗುವ ಪ್ರಶ್ನೆ ಇದು. ಎನ್‌ಡಿಎ ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಪಿಯು ಮುಗಿಸಿದ ಮಕ್ಕಳನ್ನು ಮೂರೂ ಪಡೆಗಳ ಅಧಿಕಾರಿಗಳಾಗಲು ತಯಾರು ಮಾಡುವ ಸಂಸ್ಥೆ. ಮೊದಮೊದಲು ನಾನು ಮಾರ್ಕ್ಸ್ ಕಾರ್ಡ್ ನೋಡಿ ಉತ್ತರ ಹೇಳಿಬಿಡುತ್ತಿದ್ದೆ. ಹಾಗೆ ಹೇಳಿದ್ದು ಒಂದು ಸಲ ದೊಡ್ಡ ತಪ್ಪಾಯಿತು. ಗಣಿತದಲ್ಲಿ ಬಹಳ ಚುರುಕಾಗಿದ್ದ ಒಬ್ಬ ಹುಡುಗನಿಗೆ "ನಿನಗೆ ಖಂಡಿತ ಸಿಗುತ್ತೆ, ಓದು" ಅಂದಿದ್ದೆ. ಪೈಲಟ್ ಆಗಬೇಕು ಅನ್ನುವುದೊಂದೇ ಅವನ ಆಸೆ. ಒಂದೂವರೆ ವರ್ಷ ಓದಿದ, ಲಿಖಿತ ಪರೀಕ್ಷೆ ದಾಟಿದ, ಸಂದರ್ಶನವನ್ನೂ ದಾಟಿದ. ವೈದ್ಯಕೀಯ ತಪಾಸಣೆಯಲ್ಲಿ ಅವನಿಗೆ ಕೆಂಪು ಹಸಿರು ಸರಿಯಾಗಿ ಗೊತ್ತಾಗುವುದಿಲ್ಲ ಅಂತ ತಿಳಿಯಿತು. ಕಣ್ಣಿನ ಡಾಕ್ಟರ ಹತ್ತಿರ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿದ್ದ ವಿಷಯ ಅದು. ನಾನು ಕೇಳಲೇ ಇಲ್ಲ.

ಅಂದಿನಿಂದ ನಾನು ಲೆಕ್ಕವನ್ನು ಹಿಂದಿನಿಂದ ಹಾಕುತ್ತೇನೆ. ಆಯ್ಕೆ ನಡೆಯುವುದು ಲಿಖಿತ, ಎಸ್‌ಎಸ್‌ಬಿ (ಸೇವಾ ಆಯ್ಕೆ ಮಂಡಳಿಯ ಸಂದರ್ಶನ), ವೈದ್ಯಕೀಯ ಅನ್ನುವ ಕ್ರಮದಲ್ಲಿ. ಆದರೆ ಅವಕಾಶ ಅಳೆಯುವಾಗ ಬದಲಾಯಿಸಲು ಆಗದ್ದನ್ನು ಮೊದಲು ನೋಡಬೇಕು. ಬದಲಾಯಿಸಲು ತಡವಾಗುವುದನ್ನು ಆಮೇಲೆ. ಬೇಗ ಸರಿಮಾಡಬಹುದಾದದ್ದನ್ನು ಕೊನೆಗೆ. ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂತರೆ ಸಾಕು.

ಶುರು ಮಾಡುವ ಮುನ್ನ: ಆ ಭಯ ಹುಟ್ಟಿಸುವ ಭಾಗಾಕಾರ ಬೇಡ

ಎನ್‌ಡಿಎ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ. ಪ್ರತಿ ಸಲ ಸುಮಾರು 400 ಸೀಟು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ಅಕಾಡೆಮಿಗೆ 370, ಉಳಿದ ಕೆಲವು ಕೇರಳದ ಎಳಿಮಲದಲ್ಲಿರುವ ನೌಕಾ ಅಕಾಡೆಮಿಗೆ. ಅರ್ಜಿ ಹಾಕುವವರು ಲಕ್ಷಗಟ್ಟಲೆ. ಆ ಲಕ್ಷಗಳನ್ನು 400ರಿಂದ ಭಾಗಿಸಿ "ಸಾವಿರಕ್ಕೆ ಒಬ್ಬ" ಅಂತ ಮಕ್ಕಳನ್ನು ಹೆದರಿಸುವವರಿದ್ದಾರೆ. ಆ ಲೆಕ್ಕದಿಂದ ಯಾರಿಗೂ ಉಪಯೋಗ ಇಲ್ಲ. ಅರ್ಜಿ ಹಾಕಿ ಪರೀಕ್ಷೆಗೇ ಬರದವರು ಎಷ್ಟೋ ಜನ. ಸುಮ್ನೆ ಒಂದು ಕೈ ನೋಡೋಣ ಅಂತ ಬಂದವರು ಇನ್ನೆಷ್ಟೋ ಜನ. ನಿಮ್ಮ ಮಗುವಿನ ಅವಕಾಶ ಅವರೆಲ್ಲರ ಸರಾಸರಿ ಅಲ್ಲ. ಅದು ಈ ಮಗುವಿನ ವಯಸ್ಸು, ಕಣ್ಣು, ಗಣಿತ, ಮಾತು, ಸ್ವಭಾವ ಇವುಗಳ ಲೆಕ್ಕ.

ಹಂತ 1: ಎಷ್ಟು ಸಲ ಬರೆಯಬಹುದು? ಹುಟ್ಟಿದ ದಿನ ಹೇಳುತ್ತದೆ

ಇದನ್ನು ಬಹಳ ಜನ ನೋಡುವುದೇ ಇಲ್ಲ. ತರಬೇತಿ ಶುರುವಾಗುವ ಹೊತ್ತಿಗೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದ ಒಳಗಿರಬೇಕು. ಮದುವೆ ಆಗಿರಬಾರದು. ಏಪ್ರಿಲ್ ಪರೀಕ್ಷೆಯವರ ತರಬೇತಿ ಮುಂದಿನ ಜನವರಿಗೆ ಶುರು, ಸೆಪ್ಟೆಂಬರ್ ಪರೀಕ್ಷೆಯವರದು ಮುಂದಿನ ಜುಲೈಗೆ. ಉದಾಹರಣೆಗೆ 2025ರ ಏಪ್ರಿಲ್ ಪರೀಕ್ಷೆಗೆ 2006ರ ಜುಲೈ 2ರಿಂದ 2009ರ ಜುಲೈ 1ರ ಒಳಗೆ ಹುಟ್ಟಿದವರು ಅರ್ಹರಾಗಿದ್ದರು. ಪ್ರತಿ ಪರೀಕ್ಷೆಗೂ ಈ ಅವಧಿ ಆರು ತಿಂಗಳು ಮುಂದೆ ಸರಿಯುತ್ತದೆ.

ಫಸ್ಟ್ ಪಿಯುನಲ್ಲಿದ್ದಾಗ ಬರೆಯಲು ಆಗುವುದಿಲ್ಲ. ಸೆಕೆಂಡ್ ಪಿಯು ಓದುತ್ತಿರಬೇಕು ಅಥವಾ ಪಾಸಾಗಿರಬೇಕು. ಹಾಗಾಗಿ ಹೆಚ್ಚಿನವರಿಗೆ ಮೊದಲ ಅವಕಾಶ ಸೆಕೆಂಡ್ ಪಿಯುನ ಸೆಪ್ಟೆಂಬರ್.

ಈಗ ಒಂದೇ ಬೆಂಚಿನಲ್ಲಿ ಕೂತ ಇಬ್ಬರನ್ನು ನೋಡಿ. ಇಬ್ಬರೂ 2025ರ ಜೂನ್‌ನಲ್ಲಿ ಸೆಕೆಂಡ್ ಪಿಯುಗೆ ಬಂದವರು. ಒಬ್ಬಳು ಹುಟ್ಟಿದ್ದು 2008ರ ಆಗಸ್ಟ್ ಕೊನೆಗೆ. ಅವಳಿಗೆ 2025ರ ಸೆಪ್ಟೆಂಬರ್, 2026ರ ಏಪ್ರಿಲ್, 2026ರ ಸೆಪ್ಟೆಂಬರ್, 2027ರ ಏಪ್ರಿಲ್ ಹೀಗೆ ನಾಲ್ಕು ಅವಕಾಶ. ಇನ್ನೊಬ್ಬ ಹುಟ್ಟಿದ್ದು 2007ರ ನವೆಂಬರ್‌ನಲ್ಲಿ. ಅವನಿಗೆ ಮೊದಲ ಎರಡು ಮಾತ್ರ. ಒಂಬತ್ತು ತಿಂಗಳ ಅಂತರಕ್ಕೆ ಅವಕಾಶ ಅರ್ಧ! ನಾಲ್ಕು ಸಲ ಬರೆಯುವವಳು ಮೊದಲನೆಯದನ್ನು ಅಭ್ಯಾಸ ಅಂತ ತೆಗೆದುಕೊಳ್ಳಬಹುದು. ಎರಡೇ ಸಲ ಬರೆಯುವವನಿಗೆ ಆ ಸವಲತ್ತು ಇಲ್ಲ. ಅವನು ಫಸ್ಟ್ ಪಿಯುನಲ್ಲೇ ತಯಾರಿ ಶುರು ಮಾಡಿರಬೇಕಿತ್ತು. ಈ ಸಂಖ್ಯೆಯನ್ನು ಹಾಳೆಯ ಮೇಲ್ಗಡೆ ದೊಡ್ಡದಾಗಿ ಬರೆಯಿರಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹುಟ್ಟಿದ ದಿನಾಂಕವನ್ನೇ ಲೆಕ್ಕಕ್ಕೆ ಹಿಡಿಯಿರಿ, ಮನೆಯಲ್ಲಿ ಹೇಳುವ ದಿನಾಂಕವನ್ನಲ್ಲ.

ವಿಷಯಗಳನ್ನೂ ಇಲ್ಲೇ ನೋಡಿಬಿಡಿ. ಭೂಸೇನೆಗೆ ಯಾವ ವಿಭಾಗ ಓದಿದ್ದರೂ ಆಗುತ್ತದೆ, ಆರ್ಟ್ಸ್, ಕಾಮರ್ಸ್ ಮಕ್ಕಳೂ ಅರ್ಹರು. ವಾಯುಪಡೆಗೆ, ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇ ಬೇಕು. ಆದರೆ ನೆನಪಿಡಿ, ಲಿಖಿತ ಪರೀಕ್ಷೆಯ ಗಣಿತ ಪತ್ರಿಕೆ ಎಲ್ಲರಿಗೂ ಒಂದೇ.

ಹಂತ 2: ದೇಹ

ಇದಕ್ಕೆ ಒಂದು ಶನಿವಾರ ಕೊಡಿ. ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಕೊಡಿ.

ಮೊದಲು ಕಣ್ಣಿನ ಡಾಕ್ಟರು. ದೃಷ್ಟಿ ಎಷ್ಟಿದೆ, ಬಣ್ಣ ಗುರುತಿಸುವ ಶಕ್ತಿ ಹೇಗಿದೆ, ಈ ಎರಡನ್ನೂ ಬರೆಸಿಕೊಂಡು ಬನ್ನಿ. ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಪುಸ್ತಕ ತೋರಿಸಿ ಬಣ್ಣದ ಪರೀಕ್ಷೆ ಮಾಡುತ್ತಾರೆ. ಕನ್ನಡಕ ಇದ್ದ ಮಾತ್ರಕ್ಕೆ ಭೂಸೇನೆಯ ಬಾಗಿಲು ಮುಚ್ಚುವುದಿಲ್ಲ, ಅದಕ್ಕೆ ಒಂದು ಮಿತಿ ಇದೆ ಅಷ್ಟೆ. ವಿಮಾನ ಹಾರಿಸುವ ವಿಭಾಗದ ನಿಯಮ ಎಲ್ಲಕ್ಕಿಂತ ಬಿಗಿ. ಒಂದು ಮಾತು ಇಲ್ಲಿ ಜೋರಾಗಿ ಹೇಳಬೇಕು: ಕನ್ನಡಕ ತಪ್ಪಿಸಲು ಲೇಸರ್ ಚಿಕಿತ್ಸೆಗೆ ಓಡಬೇಡಿ. ಈ ವಯಸ್ಸಿನಲ್ಲಿ ಎನ್‌ಡಿಎಗೆ ಅದು ನಡೆಯುವುದಿಲ್ಲ. ಚಿಕಿತ್ಸೆ ಮಾಡಿಸಿದ್ದೇ ತಿರಸ್ಕಾರಕ್ಕೆ ಕಾರಣವಾಗುತ್ತದೆ.

ಆಮೇಲೆ ಎತ್ತರ. ಹುಡುಗರಿಗೆ ಸಾಮಾನ್ಯವಾಗಿ 157 ಸೆಂಟಿಮೀಟರ್, ಹುಡುಗಿಯರಿಗೆ 152. ಪೈಲಟ್‌ಗೆ 162.5, ಜೊತೆಗೆ ಕಾಲಿನ ಉದ್ದವನ್ನೂ ಅಳೆಯುತ್ತಾರೆ. ಕೆಲವು ಪ್ರದೇಶದವರಿಗೆ ಸಡಿಲಿಕೆ ಇದೆ, ಬೆಳೆಯುವ ವಯಸ್ಸಿಗೂ ಸ್ವಲ್ಪ ವಿನಾಯಿತಿ ಇದೆ. ಇದನ್ನು ಆ ವರ್ಷದ ಅಧಿಸೂಚನೆಯಲ್ಲೇ ಓದಿ ಖಚಿತ ಮಾಡಿಕೊಳ್ಳಿ.

ಉಳಿದವನ್ನು ಮನೆಯಲ್ಲೇ ಗಮನಿಸಬಹುದು. ಒದ್ದೆ ಕಾಲಿನಲ್ಲಿ ಸಿಮೆಂಟ್ ನೆಲದ ಮೇಲೆ ನಿಂತರೆ ಪಾದದ ಗುರುತು ಪೂರ್ತಿ ಮೂಡುತ್ತದೆಯೇ, ನಡುವೆ ಕಮಾನು ಕಾಣುತ್ತದೆಯೇ? ನೇರ ನಿಂತಾಗ ಮಂಡಿ ಒಂದಕ್ಕೊಂದು ತಾಗಿ ಹಿಮ್ಮಡಿ ದೂರ ಉಳಿಯುತ್ತದೆಯೇ? ಚಪ್ಪಟೆ ಪಾದ, ಮಂಡಿ ತಾಗುವುದು, ಮೂಗಿನ ನಡುಗೋಡೆ ವಾಲಿರುವುದು, ಕಿವಿಯ ತಮಟೆಯಲ್ಲಿ ತೂತು ಇವೆಲ್ಲ ಆಗಾಗ ಅಡ್ಡ ಬರುತ್ತವೆ. ಅನುಮಾನ ಬಂದರೆ ಡಾಕ್ಟರಿಗೆ ತೋರಿಸಿ. ನೀವಾಗಿಯೇ ತೀರ್ಮಾನಕ್ಕೆ ಬರಬೇಡಿ.

ಈಗ ಸಿಕ್ಕಿದ್ದನ್ನು ಎರಡು ಗುಂಪು ಮಾಡಿ. ಕಿವಿಯ ಗುಗ್ಗೆ, ಹುಳುಕು ಹಲ್ಲು, ಜಾಸ್ತಿ ತೂಕ ಇವು ಕೆಲವು ತಿಂಗಳಲ್ಲಿ ಸರಿಹೋಗುವಂಥವು. ಬಣ್ಣಗುರುಡು, ಎತ್ತರ ಇವು ಸರಿಹೋಗುವಂಥವಲ್ಲ. ಎರಡನೇ ಗುಂಪಿನಲ್ಲಿ ಏನಾದರೂ ಇದ್ದರೆ ಮೂರೂ ಪಡೆಗಳ ನಿಯಮವನ್ನು ಬೇರೆ ಬೇರೆಯಾಗಿ ನೋಡಿ. ಪೈಲಟ್‌ಗೆ ಆಗದವರು ಭೂಸೇನೆಗೆ ಆಗಬಹುದು. ನನ್ನ ಆ ವಿದ್ಯಾರ್ಥಿ ಅರ್ಜಿಯಲ್ಲಿ ವಾಯುಪಡೆಯನ್ನು ಮಾತ್ರ ಕೇಳಿದ್ದ. ಮೊದಲೇ ಗೊತ್ತಿದ್ದರೆ ಅವನ ಆಯ್ಕೆಯ ಕ್ರಮವೇ ಬೇರೆ ಇರುತ್ತಿತ್ತು. ಒಂದು ಸಲ ಬೇಡ ಅಂದರೂ ಮೇಲ್ಮನವಿ ವೈದ್ಯಕೀಯ ಮಂಡಳಿಗೆ ಹೋಗುವ ದಾರಿ ಇದೆ, ಅದನ್ನು ಬಿಡಬೇಡಿ. ಟ್ಯಾಟೂ ಹಾಕಿಸಿಕೊಳ್ಳುವ ಆಸೆ ಇದ್ದರೆ ದಯವಿಟ್ಟು ತಡೆಯಿರಿ.

ಹಂತ 3: ಲಿಖಿತ ಪರೀಕ್ಷೆಯಲ್ಲಿ ಈಗ ಎಲ್ಲಿದ್ದಾರೆ?

ಬೋರ್ಡ್ ಪರೀಕ್ಷೆಯ ಶೇಕಡಾವಾರು ನೋಡಿ ಇದನ್ನು ಹೇಳಲು ಆಗುವುದಿಲ್ಲ. ಶೇ. 95 ತೆಗೆದ ಮಕ್ಕಳು ಇಲ್ಲಿ ಒದ್ದಾಡುವುದನ್ನು ನೋಡಿದ್ದೇನೆ. ಯುಪಿಎಸ್‌ಸಿ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಒಂದು ಭಾನುವಾರ, ಗಡಿಯಾರ ಇಟ್ಟುಕೊಂಡು, ಎರಡೂ ಪತ್ರಿಕೆ ಬರೆಸಿ. ಮಧ್ಯೆ ಮೊಬೈಲ್ ಬೇಡ, ಎದ್ದು ಓಡಾಡುವುದು ಬೇಡ.

ಗಣಿತಕ್ಕೆ ಎರಡೂವರೆ ಗಂಟೆ, 120 ಪ್ರಶ್ನೆ, 300 ಅಂಕ. ಸಾಮಾನ್ಯ ಸಾಮರ್ಥ್ಯ ಪತ್ರಿಕೆಗೆ ಎರಡೂವರೆ ಗಂಟೆ, 150 ಪ್ರಶ್ನೆ, 600 ಅಂಕ. ಅದರಲ್ಲಿ ಇಂಗ್ಲಿಷ್ 200, ಉಳಿದ 400 ಭೌತಶಾಸ್ತ್ರ, ರಸಾಯನಶಾಸ್ತ್ರ, ಸಾಮಾನ್ಯ ವಿಜ್ಞಾನ, ಇತಿಹಾಸ, ಭೂಗೋಳ, ಪ್ರಚಲಿತ ಘಟನೆಗಳಿಗೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ, ಕನ್ನಡದಲ್ಲಿ ಇಲ್ಲ. ಹತ್ತನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇದು ಎದುರಾಗುವ ನಿಜವಾದ ಕಷ್ಟ. ಇತಿಹಾಸ, ಭೂಗೋಳ ಚೆನ್ನಾಗಿ ಗೊತ್ತಿರುತ್ತದೆ, ಪ್ರಶ್ನೆಯ ಪದ ಗೊತ್ತಾಗದೆ ಬಿಟ್ಟುಬಿಡುತ್ತಾರೆ. ಅದು ಜ್ಞಾನದ ಕೊರತೆ ಅಲ್ಲ, ಅದನ್ನು ಬೇರೆಯಾಗಿ ಗುರುತು ಮಾಡಿ.

ಅಂಕ ಹೀಗೆ ಲೆಕ್ಕ ಹಾಕಿ. ಗಣಿತದಲ್ಲಿ ಸರಿ ಉತ್ತರಕ್ಕೆ 2.5, ತಪ್ಪಿಗೆ 0.83 ಕಳೆಯಿರಿ. 45 ಸರಿ, 15 ತಪ್ಪು ಆದರೆ ಸುಮಾರು 100. ಇನ್ನೊಂದು ಪತ್ರಿಕೆಯಲ್ಲಿ ಸರಿಗೆ 4, ತಪ್ಪಿಗೆ 1.33 ಕಳೆಯಿರಿ. 70 ಸರಿ, 30 ತಪ್ಪು ಆದರೆ ಸುಮಾರು 240. ಒಟ್ಟು 340.

340 ಸಾಕೇ? 2023ರ ಮೊದಲ ಪರೀಕ್ಷೆಯ ಕಟಾಫ್ (ಲಿಖಿತ ದಾಟಲು ಬೇಕಾದ ಕನಿಷ್ಠ ಅಂಕ) 301, ಅವತ್ತಾದರೆ ಆರಾಮ. 2022ರ ಮೊದಲ ಪರೀಕ್ಷೆಯದು 360, ಅವತ್ತಾದರೆ ಹೊರಗೆ. ಒಂದೇ ಮಗು, ಅದೇ ತಯಾರಿ, ವರ್ಷ ಬೇರೆಯಾದರೆ ಫಲಿತಾಂಶವೂ ಬೇರೆ. ಅದಕ್ಕೇ ನಾನು ಮಕ್ಕಳಿಗೆ ಕಳೆದ ಕಟಾಫ್ ಗುರಿ ಕೊಡುವುದಿಲ್ಲ. ಮನೆಯಲ್ಲಿ ಎರಡೂ ಪತ್ರಿಕೆಯನ್ನು ಮೂರು ಸಲ ಬರೆದು, ಮೂರು ಸಲವೂ ಒಟ್ಟು 400 ದಾಟಿದರೆ ಭರವಸೆಯಿಂದ ಮಾತಾಡಬಹುದು. 300ರಿಂದ 400ರ ನಡುವೆ ಇದ್ದರೆ ಅದೃಷ್ಟದ ಪಾಲು ದೊಡ್ಡದು. 300ಕ್ಕಿಂತ ಕೆಳಗಿದ್ದರೆ ಎಷ್ಟು ತಿಂಗಳು ಉಳಿದಿದೆ ಅನ್ನುವುದೇ ಮುಖ್ಯ.

ಗಣಿತವನ್ನು ಪೂರ್ತಿ ಬಿಟ್ಟು ಇನ್ನೊಂದರಲ್ಲಿ ತುಂಬಿಕೊಳ್ಳೋಣ ಅನ್ನುವ ಯೋಚನೆ ಬೇಡ. ಪ್ರತಿ ಪತ್ರಿಕೆಯಲ್ಲೂ ಕನಿಷ್ಠ ಶೇ. 20ರಿಂದ 25 ಅಂಕ ಬರಲೇಬೇಕು ಅನ್ನುವ ನಿಯಮವನ್ನು ಯುಪಿಎಸ್‌ಸಿ ಇಟ್ಟುಕೊಂಡು ಬಂದಿದೆ. ಕಾಮರ್ಸ್ ಮಕ್ಕಳ ಕಥೆ ಇಲ್ಲೇ ನಿಲ್ಲುವುದು ಜಾಸ್ತಿ. ಮತ್ತೆ, ಊಹೆಯ ಅಭ್ಯಾಸವನ್ನೂ ನೋಡಿ. ತಪ್ಪಿನಿಂದ ಎಷ್ಟು ಅಂಕ ಹೋಯಿತು ಅಂತ ಬೇರೆಯಾಗಿ ಕೂಡಿ. ನಲವತ್ತು ಅಂಕ ಬರೀ ಊಹೆಯಲ್ಲಿ ಹೋಗುತ್ತಿದ್ದರೆ ಹೊಸದೇನೂ ಓದದೆ ಅದರಲ್ಲಿ ಸ್ವಲ್ಪ ಉಳಿಸಬಹುದು.

ಹಂತ 4: ಎಸ್‌ಎಸ್‌ಬಿ, ಎಲ್ಲಕ್ಕಿಂತ ಕಷ್ಟದ ಅಳತೆ

ಲಿಖಿತ ದಾಟಿದವರನ್ನು ಸೇವಾ ಆಯ್ಕೆ ಮಂಡಳಿ ಐದು ದಿನ ಕರೆಯುತ್ತದೆ. ನಮ್ಮಲ್ಲಿ ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಮಂಡಳಿಗಳಿವೆ, ಆದರೆ ಭೋಪಾಲ್‌ಗೋ ಪ್ರಯಾಗ್‌ರಾಜ್‌ಗೋ ಕರೆ ಬರಬಹುದು. ಇದಕ್ಕೂ 900 ಅಂಕ. ಅಂದರೆ ಎರಡು ಪತ್ರಿಕೆ ಸೇರಿದಷ್ಟೇ ತೂಕ.

ಮೊದಲ ದಿನವೇ ಬಹಳ ಜನ "ಸ್ಕ್ರೀನ್ಡ್ ಔಟ್" ಆಗಿ ಸಂಜೆಯೊಳಗೆ ಊರಿಗೆ ಹೊರಡುತ್ತಾರೆ. ಅವತ್ತು ಬುದ್ಧಿಮತ್ತೆಯ ಪರೀಕ್ಷೆ ಇರುತ್ತದೆ, ಜೊತೆಗೆ ಮಸುಕಾದ ಒಂದು ಚಿತ್ರವನ್ನು ಮೂವತ್ತು ಸೆಕೆಂಡ್ ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚೆ ಮಾಡಬೇಕು. ಹದಿನೈದು ಜನ ಒಟ್ಟಿಗೆ ಕೂಗುತ್ತಿರುವಾಗ ನಿಮ್ಮ ಮಗು ಏನು ಮಾಡುತ್ತದೆ? ಅದನ್ನು ಅಲ್ಲಿ ನೋಡುತ್ತಾರೆ. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆ: ಹನ್ನೆರಡು ಚಿತ್ರಕ್ಕೆ ಕಥೆ, ಕೊನೆಯದು ಖಾಲಿ ಹಾಳೆ. ಹದಿನೈದು ಸೆಕೆಂಡ್‌ಗೆ ಒಂದರಂತೆ 60 ಪದಕ್ಕೆ ವಾಕ್ಯ. ಅರ್ಧ ಗಂಟೆಯಲ್ಲಿ 60 ಸಂದರ್ಭಕ್ಕೆ ಉತ್ತರ. ಆಮೇಲೆ ಮೈದಾನದಲ್ಲಿ ಹಲಗೆ, ಹಗ್ಗ, ಮರದ ದಿಮ್ಮಿ ಹಿಡಿದು ಗುಂಪಿನ ಕೆಲಸಗಳು. ಒಂದು ದೀರ್ಘ ಸಂದರ್ಶನ. ಕೊನೆಯ ದಿನ ಎಲ್ಲ ಅಧಿಕಾರಿಗಳ ಮುಂದೆ ಕಾನ್ಫರೆನ್ಸ್.

ಇದನ್ನು ಮನೆಯಲ್ಲಿ ಅಂಕ ಹಾಕಿ ಅಳೆಯಲು ಆಗುವುದಿಲ್ಲ. ಆದರೆ ಕೆಲವು ಪ್ರಶ್ನೆ ಕೇಳಿಕೊಳ್ಳಬಹುದು. ಉತ್ತರವನ್ನು ಮಗುವಿನಿಂದ ಬೇಡ, ಅದರ ಗೆಳೆಯರಿಂದ, ಆಟದ ಮೇಷ್ಟ್ರಿಂದ ತೆಗೆದುಕೊಳ್ಳಿ.

ಕಾಲೇಜಿನ ಕಾರ್ಯಕ್ರಮದಲ್ಲಿ ಏನೋ ಕೆಟ್ಟುಹೋದಾಗ ಇವನು ಓಡಿ ಬಂದು ಕೈಹಾಕುತ್ತಾನಾ, ದೂರ ನಿಂತು ತಪ್ಪು ಹೇಳುತ್ತಾನಾ? ತನ್ನ ಮಾತು ಬಿದ್ದುಹೋದಾಗ ಬೇರೆಯವರ ಉಪಾಯಕ್ಕೆ ಮನಸಾರೆ ದುಡಿಯುತ್ತಾನಾ? ಮನೆಯಲ್ಲಿ ಯಾವ ಜವಾಬ್ದಾರಿ ಪೂರ್ತಿ ಅವನದು? ಹೊಲಕ್ಕೆ ನೀರು ಕಟ್ಟುವುದು, ಅಂಗಡಿ ನೋಡಿಕೊಳ್ಳುವುದು, ತಂಗಿಗೆ ಪಾಠ ಹೇಳುವುದು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹಳ್ಳಿಯ ಮಕ್ಕಳು ಇದನ್ನೆಲ್ಲ ಏನೂ ಅಲ್ಲ ಅಂದುಕೊಂಡು ಸಂದರ್ಶನದಲ್ಲಿ ಹೇಳುವುದೇ ಇಲ್ಲ. ನನಗೆ ಬಹಳ ಬೇಜಾರಾಗುವ ವಿಷಯ ಇದು. ಮಂಡಳಿ ಹುಡುಕುವ 15 ಗುಣಗಳಲ್ಲಿ ಜವಾಬ್ದಾರಿ, ತಾನೇ ಮುಂದಾಗುವುದು, ಸಹಕಾರ, ಧೈರ್ಯ ಎಲ್ಲ ಸೇರಿವೆ. ನಿಜವಾದ ಜೀವನದಲ್ಲಿ ಮಾಡಿದ ಕೆಲಸಕ್ಕಿಂತ ದೊಡ್ಡ ಸಾಕ್ಷಿ ಇನ್ನೇನಿದೆ?

ಇಂಗ್ಲಿಷ್ ಬಗ್ಗೆ ಒಂದು ಮಾತು. ಚಂದದ ಇಂಗ್ಲಿಷ್ ಬೇಕಿಲ್ಲ. ಆದರೆ ಹೇಳಬೇಕಾದದ್ದು ತಡವರಿಸದೆ ಎದುರಿನವರಿಗೆ ತಲುಪಬೇಕು. ಮಗು ಯಾವುದಾದರೂ ಒಂದು ವಿಷಯದ ಮೇಲೆ ಮೂರು ನಿಮಿಷ ನಿಂತು ಮಾತಾಡಲಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ತಿಂಗಳ ನಂತರ ಮತ್ತೆ ಮಾಡಿ. ಎರಡನ್ನೂ ಕೇಳಿದರೆ ಸುಧಾರಣೆಯ ವೇಗ ಗೊತ್ತಾಗುತ್ತದೆ. ಉತ್ತರಗಳನ್ನು ಬಾಯಿಪಾಠ ಮಾಡಿಸುವ ಕಡೆ ಮಾತ್ರ ಕಳಿಸಬೇಡಿ. ಮನಶ್ಶಾಸ್ತ್ರಜ್ಞ, ಮೈದಾನದ ಅಧಿಕಾರಿ, ಸಂದರ್ಶನ ಮಾಡುವವರು ಮೂವರೂ ಬೇರೆ ಬೇರೆಯಾಗಿ ನೋಡಿ ಕೊನೆಗೆ ತಾಳೆ ಹಾಕುತ್ತಾರೆ. ಹಾಕಿಕೊಂಡ ವೇಷ ಎಲ್ಲೋ ಒಂದು ಕಡೆ ಜಾರುತ್ತದೆ.

ಪೈಲಟ್ ಆಗುವ ಆಸೆ ಇದ್ದವರಿಗೆ ಗಣಕ ಆಧಾರಿತ ಪೈಲಟ್ ಆಯ್ಕೆ ಪರೀಕ್ಷೆಯೂ ಇದೆ. ಅದು ಜೀವನದಲ್ಲಿ ಒಂದೇ ಸಲ. ನಿದ್ದೆಗೆಟ್ಟು ಹೋಗಿ ಕೂರುವ ಪರೀಕ್ಷೆ ಅಲ್ಲ.

ಮೈಕಟ್ಟಿಗೆ ಅಧಿಸೂಚನೆಯೇ ಅಳತೆ ಕೊಡುತ್ತದೆ: ಪುಷ್‌ಅಪ್, ಸಿಟ್‌ಅಪ್ ತಲಾ 20, ಚಿನ್‌ಅಪ್ 8, ಮೂರು ನಾಲ್ಕು ಮೀಟರ್ ಹಗ್ಗ ಹತ್ತುವುದು. ಇವತ್ತು ಎಷ್ಟು ಆಗುತ್ತದೆ ಅಂತ ಹಾಳೆಯಲ್ಲಿ ಬರೆಯಿರಿ.

ಹಂತ 5: ಎರಡನ್ನೂ ಕೂಡಿಸಿ

ಅಂತಿಮ ಪಟ್ಟಿ ಲಿಖಿತ ಮತ್ತು ಎಸ್‌ಎಸ್‌ಬಿ ಸೇರಿ 1800 ಅಂಕಕ್ಕೆ. 2022ರ ಮೊದಲ ಪರೀಕ್ಷೆಯಲ್ಲಿ ಕೊನೆಯವರಿಗೆ ಬಂದದ್ದು 720, 2023ರ ಮೊದಲನೆಯದರಲ್ಲಿ 664. ಈಗ 720ನ್ನೇ ಹಿಡಿಯೋಣ. ಲಿಖಿತದಲ್ಲಿ 365 ಬಂದವರಿಗೆ ಮಂಡಳಿಯಿಂದ ಇನ್ನೂ 355 ಬೇಕು. 440 ಬಂದವರಿಗೆ 280 ಸಾಕು. ಮಂಡಳಿ ಶಿಫಾರಸು ಮಾಡಿದರೂ ಒಟ್ಟು ಅಂಕ ಸಾಲದೆ ಉಳಿದುಬಿಡುವವರನ್ನು "ಮೆರಿಟ್ ಔಟ್" ಅನ್ನುತ್ತಾರೆ. ಐದು ದಿನ ಗೆದ್ದು ಬಂದು ಹತ್ತು ಅಂಕಕ್ಕೆ ಸೋತ ಮಕ್ಕಳ ಮುಖ ನೋಡಲು ಆಗುವುದಿಲ್ಲ. ಲಿಖಿತವನ್ನು ಬರೀ ಪಾಸಾಗುವ ಪರೀಕ್ಷೆ ಅಂತ ನೋಡಬೇಡಿ ಅನ್ನುವುದು ಅದಕ್ಕೇ.

ಇನ್ನೊಂದು ಸಮಾಧಾನದ ವಿಷಯ. ಆ ಪಟ್ಟಿ ಮಾಡುವಾಗ ವೈದ್ಯಕೀಯ ಫಲಿತಾಂಶವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಅದರಲ್ಲಿ ಸೀಟಿಗಿಂತ ಜಾಸ್ತಿ ಹೆಸರು ಇರುತ್ತವೆ. ಮೇಲಿನವರು ಕೆಲವರು ವೈದ್ಯಕೀಯದಲ್ಲಿ ಉಳಿದುಹೋದಾಗ ಕೆಳಗಿನವರಿಗೆ ಸೀಟು ಬರುತ್ತದೆ. ಹಾಗಾಗಿ ಪಟ್ಟಿಯ ಕೊನೆಗೆ ಹೆಸರಿದ್ದರೂ ಕೈಚೆಲ್ಲಬೇಡಿ.

ಹುಡುಗಿಯರ ಲೆಕ್ಕ ಸ್ವಲ್ಪ ಬೇರೆ. ಸುಪ್ರೀಂ ಕೋರ್ಟ್ 2021ರಲ್ಲಿ ಬಾಗಿಲು ತೆರೆಸಿತು, 2022ರಲ್ಲಿ ಮೊದಲ ತಂಡ ಸೇರಿತು, 2025ರ ಮೇನಲ್ಲಿ ಅವರಲ್ಲಿ 17 ಮಂದಿ ಪದವಿ ಪಡೆದು ಹೊರಬಂದರು. ಆದರೆ ಅವರಿಗೆ ಪ್ರತಿ ಸಲ ಇರುವ ಸೀಟು ಎರಡು ಡಜನ್ ಆಸುಪಾಸು. ಹುಡುಗಿಯರಿಗೆ ನಾನು ಗುರಿಯನ್ನು ಇನ್ನೂ ಮೇಲಕ್ಕೆ ಇಡುತ್ತೇನೆ. ಮನೆಯವರು "ಹುಡುಗಿಗೆ ಯಾಕೆ" ಅಂದರೆ ಆ 17 ಮಂದಿಯ ಸುದ್ದಿ ತೋರಿಸುತ್ತೇನೆ.

ಹಂತ 6: ಪಕ್ಕದ ಬಾಗಿಲುಗಳನ್ನೂ ಬರೆದುಕೊಳ್ಳಿ

ಅವಕಾಶ ಅಂದರೆ ಎನ್‌ಡಿಎ ಒಂದೇ ಅಲ್ಲ ಅಲ್ವಾ? ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಶೇ. 60 ಬಂದು ಜೆಇಇ ಮೇನ್ (ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ಬರೆದಿದ್ದರೆ ಭೂಸೇನೆಯ ಟೆಕ್ನಿಕಲ್ ಎಂಟ್ರಿಗೆ ಅರ್ಜಿ ಹಾಕಬಹುದು. ಅದಕ್ಕೆ ಯುಪಿಎಸ್‌ಸಿ ಲಿಖಿತ ಇಲ್ಲ, ನೇರ ಎಸ್‌ಎಸ್‌ಬಿ. ನೌಕಾಪಡೆಯ ಬಿ.ಟೆಕ್ ಕೆಡೆಟ್ ಪ್ರವೇಶಕ್ಕೂ ಜೆಇಇ ಮೇನ್ ಆಧಾರ. ಅದಕ್ಕೆ ಆ ಮೂರು ವಿಷಯದಲ್ಲಿ ಶೇ. 70, ಇಂಗ್ಲಿಷ್‌ನಲ್ಲಿ ಶೇ. 50 ಬೇಕು. ಎರಡೇ ಅವಕಾಶ ಉಳಿದಿರುವ ಆ ನವೆಂಬರ್ ಹುಡುಗನಿಗೆ ಇವು ಬಹಳ ದೊಡ್ಡವು. ಪದವಿ ಆದಮೇಲೆ ಸಿಡಿಎಸ್ (ಯುಪಿಎಸ್‌ಸಿಯದೇ ಇನ್ನೊಂದು ಸೇನಾ ಪರೀಕ್ಷೆ), ಎಎಫ್‌ಕ್ಯಾಟ್ (ವಾಯುಪಡೆಯ ಪ್ರವೇಶ ಪರೀಕ್ಷೆ), ಎನ್‌ಸಿಸಿ ವಿಶೇಷ ಪ್ರವೇಶ ಇವೆ. ಡಿಗ್ರಿಗೆ ಸೇರುವಾಗ ಎನ್‌ಸಿಸಿ ಇರುವ ಕಾಲೇಜು ಆರಿಸಿಕೊಂಡರೆ ಕೊನೆಯ ಬಾಗಿಲು ತೆರೆದೇ ಇರುತ್ತದೆ.

ಈಗ ಹಾಳೆಯನ್ನು ಮಗುವಿನ ಮುಂದೆ ಇಡಿ

ಹಾಳೆಯಲ್ಲಿ ಇಷ್ಟು ಇರಬೇಕು: ಉಳಿದ ಅವಕಾಶಗಳ ಸಂಖ್ಯೆ, ದೇಹದಲ್ಲಿ ಸರಿಹೋಗುವ ಮತ್ತು ಹೋಗದ ವಿಷಯಗಳು, ಮೂರು ಸಲ ಬರೆದ ಪತ್ರಿಕೆಗಳ ಅಂಕ, ಗೆಳೆಯರು ಮೇಷ್ಟ್ರು ಹೇಳಿದ ಮಾತು, ಪಕ್ಕದ ಬಾಗಿಲುಗಳು. ಶೇಕಡಾ ಇಷ್ಟು ಅವಕಾಶ ಅಂತ ಬರೆಯಬೇಡಿ, ಅಂಥ ಸಂಖ್ಯೆಗೆ ಆಧಾರ ಇಲ್ಲ. ಅದರ ಬದಲು ಮುಂದಿನ ಮೂರು ತಿಂಗಳಲ್ಲಿ ಯಾವ ಸಾಲನ್ನು ಬದಲಾಯಿಸುತ್ತೀಯ ಅಂತ ಮಗುವನ್ನೇ ಕೇಳಿ, ಅದರ ಕೈಯಲ್ಲೇ ಬರೆಸಿ. ಮೂರು ತಿಂಗಳ ನಂತರದ ಒಂದು ಭಾನುವಾರಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅವತ್ತು ಮತ್ತೆ ಎರಡು ಪತ್ರಿಕೆ, ಮತ್ತೆ ಮೂರು ನಿಮಿಷದ ಮಾತು.

ಮಗು ಆ ಹಾಳೆ ನೋಡಿ "ನನಗೆ ಇದು ಬೇಡ" ಅಂದರೆ ಕೇಳಿಸಿಕೊಳ್ಳಿ. ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಪಡೆಯ ಅಕಾಡೆಮಿಯಲ್ಲಿ ಇನ್ನೊಂದು ವರ್ಷ, ಬೆಳಗಿನ ಜಾವ ಏಳುವುದು ಅಪ್ಪ ಅಮ್ಮ ಅಲ್ಲ, ಆ ಮಗುವೇ.